ಜೂನ್ ಒಂದಕ್ಕೇ ಹುಟ್ಟಿದವರ ಶಾಲೆ

ನಮ್ಮೂರಿನ ಹಳೇ ಶಾಲೆಗೆ ವಯಸ್ಸೆಷ್ಟು ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹಳೇ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನವರಿಗೆ ಅದು ಸರಿಯಾಗಿ ನೂರು ವರ್ಷ. ಶತಮಾನೋತ್ಸವ ಮಾಡಬೇಕು, ಮಂತ್ರಿಗಳನ್ನು ಕರೆಸಬೇಕು, ಕಮಾನು ಕಟ್ಟಿಸಬೇಕು, ಅದಕ್ಕೆ ನೂರೇ ಆಗಬೇಕು ಅಲ್ವಾ. ಕಟ್ಟಡ ನೋಡಲು ಬಂದಿದ್ದ ಇಂಜಿನಿಯರು ಗೋಡೆ ತಟ್ಟಿ ನೋಡಿ "ಬ್ರಿಟಿಷರ ಕಾಲದ್ದು" ಅಂದು ಸುಮ್ಮನಾದರು. ಗುಡಿ ಕಟ್ಟೆ ಮೇಲೆ ಕೂರುವ ತಾತಂದಿರು ಮಾತ್ರ "ನಮ್ಮ ಮುತ್ತಾತನೂ ಇದೇ ಸಾಲಿಗೆ ಹೋಗಿದ್ದ" ಅನ್ನುತ್ತಾರೆ. ಲೆಕ್ಕ ಹಾಕಿದರೆ ಆ ಮುತ್ತಾತನ ಕಾಲಕ್ಕೆ ಈ ಕಟ್ಟಡವೇ ಇರಲಿಲ್ಲ.

ಆದರೂ ನನಗೆ ತಾತಂದಿರ ಮಾತೇ ಸರಿ ಅನ್ನಿಸುತ್ತದೆ. ಶಾಲೆ ಬೇರೆ, ಶಾಲೆಯ ಗೋಡೆ ಬೇರೆ. ನಮ್ಮ ಕಡೆಯ ಸಣ್ಣ ಊರುಗಳಲ್ಲಿ ಶಾಲೆ ಮೊದಲು ಬಂತು, ಕಟ್ಟಡ ಬಹಳ ತಡವಾಗಿ ಬಂತು. ಗುಡಿಯ ಪ್ರಾಂಗಣ, ಮಠದ ಪಡಸಾಲೆ, ಯಾರದೋ ಸಾಹುಕಾರರ ಮನೆಯ ಜಗಲಿ, ಛತ್ರ, ಹೀಗೆ ಜಾಗ ಬದಲಾಯಿಸುತ್ತಾ ಬಂದು ಕೊನೆಗೆ ಒಂದು ಕಟ್ಟಡದೊಳಗೆ ಕೂತಿದ್ದು ಶಾಲೆ. ಅದಕ್ಕೇ ಅದರ ಚರಿತ್ರೆ ಕಲ್ಲಿನ ಮೇಲೆ ಸಿಗುವುದಿಲ್ಲ. ಯಾರನ್ನು ಒಳಗೆ ಬಿಟ್ಟುಕೊಂಡರು, ಯಾರನ್ನು ಹೊರಗೆ ನಿಲ್ಲಿಸಿದರು, ಯಾರು ಅರ್ಧಕ್ಕೆ ಎದ್ದು ಹೋದರು ಅನ್ನುವುದರಲ್ಲಿ ಸಿಗುತ್ತದೆ. ಊರಿನ ಹೆಸರು ಬರೆಯುತ್ತಿಲ್ಲ. ಹೊಸಪೇಟೆ ಸೀಮೆಯ ಒಂದು ಸಣ್ಣ ಊರು ಅಂದುಕೊಳ್ಳಿ, ಸಾಕು. ಹಳೇ ಬಳ್ಳಾರಿ ಜಿಲ್ಲೆಯ ಯಾವ ಊರಿನವರು ಓದಿದರೂ "ಇದು ನಮ್ಮೂರೇ" ಅಂದಾರು.

ನಮ್ಮ ಜಿಲ್ಲೆಗೆ ಒಂದು ಅದೃಷ್ಟವಿದೆ. ಇನ್ನೂರು ವರ್ಷದ ಹಿಂದೆ ಇಲ್ಲಿನ ಶಾಲೆಗಳು ಹೇಗಿದ್ದವು ಅಂತ ಕೂತು ಬರೆದಿಟ್ಟ ಒಬ್ಬ ಕಲೆಕ್ಟರ್ ನಮಗೆ ಸಿಕ್ಕಿದ್ದ. 1822ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ಎಲ್ಲ ಜಿಲ್ಲೆಗಳ ಕಲೆಕ್ಟರುಗಳಿಗೂ ನಿಮ್ಮಲ್ಲಿ ಎಷ್ಟು ಶಾಲೆಗಳಿವೆ, ಎಷ್ಟು ಮಕ್ಕಳು ಓದುತ್ತಿದ್ದಾರೆ ಎಂದು ಲೆಕ್ಕ ಕೇಳಿದ. ಈ ಮನ್ರೋ ನಮಗೆ ಹೊಸಬನೇನಲ್ಲ. 1800ರಿಂದ 1807ರವರೆಗೆ ಬಳ್ಳಾರಿ, ಅನಂತಪುರ, ಕಡಪ ಸೀಮೆಯಲ್ಲೇ ಕಲೆಕ್ಟರಾಗಿ ಬಿಸಿಲಿನಲ್ಲಿ ಕುದುರೆ ಓಡಿಸಿದವನು. ಬಳ್ಳಾರಿಯಿಂದ ಉತ್ತರ ಬರೆದವನು ಎ.ಡಿ. ಕ್ಯಾಂಪ್‌ಬೆಲ್. ಅದಕ್ಕೂ ಕೆಲವು ವರ್ಷ ಮೊದಲು, 1816ರಲ್ಲಿ, ತೆಲುಗಿಗೆ ವ್ಯಾಕರಣ ಬರೆದಿದ್ದ ಮನುಷ್ಯ. ಹಾಗಾಗಿ ಬರೀ ಅಂಕಿ ತುಂಬಿ ಕಳಿಸಲಿಲ್ಲ. ಮಕ್ಕಳು ಬೆಳಿಗ್ಗೆ ಎಷ್ಟು ಹೊತ್ತಿಗೆ ಬರುತ್ತಾರೆ, ಯಾವುದರ ಮೇಲೆ ಬರೆಯುತ್ತಾರೆ, ಮೇಷ್ಟ್ರು ಹೇಗೆ ಹೊಡೆಯುತ್ತಾರೆ, ಎಲ್ಲ ಬರೆದ. 1823ರ ಆಗಸ್ಟ್ 17ರ ವರದಿ ಅದು.

ಅಂಕಿ ಹೀಗಿದೆ. ಜಿಲ್ಲೆಯ ಜನಸಂಖ್ಯೆ 9,27,857. ಶಾಲೆಗಳು 533. ಮಕ್ಕಳು 6,641. ಅಂದರೆ ಒಂದು ಶಾಲೆಗೆ ಸರಾಸರಿ ಹನ್ನೆರಡು ಮಕ್ಕಳು. ಒಂದು ಜಗಲಿಗೆ ಹನ್ನೆರಡು ಮಕ್ಕಳು ಧಾರಾಳವಾಗಿ ಸಾಕು, ಕಟ್ಟಡ ಯಾಕೆ ಬೇಕು? ಇದರಲ್ಲಿ 235 ಕನ್ನಡ ಶಾಲೆಗಳು, 226 ತೆಲುಗು ಶಾಲೆಗಳು. ಮರಾಠಿಯವು 23, ಪಾರಸಿ (ಪರ್ಷಿಯನ್) ಭಾಷೆಯವು 21, ತಮಿಳಿನವು 4, ಇಂಗ್ಲಿಷಿನದು ಒಂದೇ ಒಂದು. ಉಳಿದವು ಸಂಸ್ಕೃತ ಪಾಠಶಾಲೆಗಳು. ಕನ್ನಡಕ್ಕೂ ತೆಲುಗಿಗೂ ಒಂಬತ್ತು ಶಾಲೆಗಳಷ್ಟೇ ವ್ಯತ್ಯಾಸ! ಬಳ್ಳಾರಿ ಪೇಟೆಯಲ್ಲಿ ಹತ್ತು ನಿಮಿಷ ನಿಂತು ಮಾತು ಕೇಳಿದವರಿಗೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ ಬಿಡಿ.

ವರದಿಯಲ್ಲಿ ನನಗೆ ತುಂಬ ಹಿಡಿಸಿದ್ದು ಬೆಳಿಗ್ಗೆಯ ಹಾಜರಿಯ ಸಂಗತಿ. ಶಾಲೆ ಶುರುವಾಗುತ್ತಿದ್ದದ್ದು ಬೆಳಿಗ್ಗೆ ಆರಕ್ಕೆ. ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈ ಮೇಲೆ ಮೇಷ್ಟ್ರು "ಸರಸ್ವತಿ" ಅಂತ ಬರೆಯುತ್ತಿದ್ದರು. ಅದು ಮರ್ಯಾದೆ. ಎರಡನೆಯವನ ಅಂಗೈಗೆ ಒಂದು ಸೊನ್ನೆ. ನಿನಗೆ ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ ಅಂತ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು. ನಾಲ್ಕನೆಯವನಿಗೆ ಎರಡು. ಅಲ್ಲಿಂದ ಮುಂದೆ ತಲೆಗೊಂದರಂತೆ ಏಟು ಏರುತ್ತಾ ಹೋಗುತ್ತಿತ್ತು. ಹನ್ನೆರಡನೆಯವನ ಪಾಡು ನೀವೇ ಲೆಕ್ಕ ಹಾಕಿ. ಸುಣ್ಣದ ಗೋಡೆಗೆ ಒರಗಿ ಅಂಗೈ ಚಾಚಿ ನಿಂತಿರುವ ಆ ಕೊನೆಯ ಹುಡುಗ ಬಹುಶಃ ಲೆಕ್ಕದಲ್ಲಿ ಜಾಣನೇ ಆಗಿರಬೇಕು. ತನಗೆಷ್ಟು ಬೀಳುತ್ತದೆ ಅಂತ ಬಾಗಿಲಲ್ಲೇ ಗೊತ್ತಾಗುತ್ತಿತ್ತಲ್ಲ.

ಇದಕ್ಕಿಂತ ಘೋರ ಶಿಕ್ಷೆಗಳೂ ಇದ್ದವು. ಎರಡೂ ಕೈ ಕಟ್ಟಿ ಮಾಡಿಗೆ ನೇತುಹಾಕುವುದು, ಬಸ್ಕಿ ಹೊಡೆಸುವುದು. ಹಳೇ ಕಾಲದ ಮಠದ ಓದನ್ನು ಸುಮ್ನೆ ಹೊಗಳುವವರು ಈ ಭಾಗವನ್ನು ಹಾರಿಸಿಬಿಡುತ್ತಾರೆ.

ಬರೆಯುವುದು ಮೊದಲು ನೆಲದ ಮೇಲೆ, ಮರಳಿನಲ್ಲಿ, ಬೆರಳಿನಿಂದ. ಕೈ ಕುದುರಿದ ಮೇಲೆ ಹಲಗೆ, ಕಡತ. ಬಟ್ಟೆಗೆ ಇದ್ದಿಲ ಪುಡಿ, ಅಂಟು ಬಳಿದು ಕರ್ರಗೆ ಮಾಡಿ, ಪದರ ಪದರವಾಗಿ ಮಡಚಿಟ್ಟರೆ ಅದು ಕಡತ. ಮೆದು ಕಲ್ಲಿನ ಬಳಪದಲ್ಲಿ ಬರೆಯುವುದು, ಒರೆಸುವುದು, ಮತ್ತೆ ಬರೆಯುವುದು. ನಾನು ಓದುವಾಗಲೂ ನಮ್ಮ ಶಾಲೆಯಲ್ಲಿ ಗೋಡೆಯ ಬೋರ್ಡಿಗೆ ಇದ್ದಿಲು ಪುಡಿ, ತೊಂಡೆ ಸೊಪ್ಪಿನ ರಸ ಕಲಸಿ ಬಳಿಯುತ್ತಿದ್ದೆವು. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಆ ಕೆಲಸ. ಕೈಯೆಲ್ಲ ಕಪ್ಪು, ಅಂಗಿಯೆಲ್ಲ ಹಸಿರು, ಮನೆಯಲ್ಲಿ ಅವ್ವನ ಬೈಗುಳ. ಅದು ಇನ್ನೂರು ವರ್ಷದ ಹಿಂದಿನ ಕಡತದ ಪಾಕವೇ ಅಂತ ಆಗ ಯಾರಿಗೆ ಗೊತ್ತಿತ್ತು?

ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುವ ಪದ್ಧತಿ ಕ್ಯಾಂಪ್‌ಬೆಲ್‌ಗೆ ತುಂಬ ಮೆಚ್ಚಿಗೆಯಾಗಿತ್ತು. ಇಂಗ್ಲೆಂಡಿನವರು ಇದನ್ನು ನಕಲು ಮಾಡಿದ್ದು ಸರಿಯಾಗಿಯೇ ಇದೆ ಎಂದು ಬರೆದ. ಅದು ನಿಜ ಕೂಡ. ಆಂಡ್ರ್ಯೂ ಬೆಲ್ ಎಂಬ ಪಾದ್ರಿ 1789ರಿಂದ ಮದ್ರಾಸಿನ ಅನಾಥ ಹುಡುಗರ ಶಾಲೆ ನೋಡಿಕೊಳ್ಳುತ್ತಿದ್ದ. ಇಲ್ಲಿನ ಮಕ್ಕಳು ಮರಳಿನ ಮೇಲೆ ಬರೆಯುವುದನ್ನು ಕಂಡು ತನ್ನ ಶಾಲೆಯಲ್ಲೂ ಅದನ್ನೇ ತಂದ, ಚಿಕ್ಕವರಿಗೆ ದೊಡ್ಡವರಿಂದ ಪಾಠ ಹೇಳಿಸಿದ. ಆಮೇಲೆ ಇಂಗ್ಲೆಂಡಿಗೆ ಹೋಗಿ 1797ರಲ್ಲಿ ಅದರ ಬಗ್ಗೆ ಪುಸ್ತಕ ಮಾಡಿದ. ಅಲ್ಲಿನ ಬಡ ಮಕ್ಕಳ ಶಾಲೆಗಳಲ್ಲಿ ಅದು "ಮದ್ರಾಸ್ ಪದ್ಧತಿ" ಅಂತಲೇ ಹಬ್ಬಿತು. ನಮ್ಮ ಶಾಲೆಯಲ್ಲಿ ಏಳನೇ ಕ್ಲಾಸಿನ ಮಾನಿಟರ್ ಒಂದನೇ ಕ್ಲಾಸಿಗೆ ಮಗ್ಗಿ ಹೇಳಿಸುತ್ತಿದ್ದ. ಮೇಷ್ಟ್ರು ಕಡಿಮೆ ಇದ್ದರು, ಅದಕ್ಕೆ. ಪದ್ಧತಿ ಅಂತ ಯಾರೂ ಹೆಸರಿಟ್ಟಿರಲಿಲ್ಲ.

ಓದಿಸುತ್ತಿದ್ದದ್ದು ಏನು? ರಾಮಾಯಣ, ಭಾರತ, ಭಾಗವತ. ಲಿಂಗಾಯತರ ಮಕ್ಕಳಿಗೆ ಚನ್ನಬಸವಪುರಾಣ, ಗಿರಿಜಾಕಲ್ಯಾಣ, ಇಂಥವು. ಎಲ್ಲ ಬಾಯಿಪಾಠ. ಅರ್ಥ ಕೇಳಿದರೆ ಹುಡುಗರಿಗೂ ಗೊತ್ತಿಲ್ಲ, ಎಷ್ಟೋ ಸಲ ಮೇಷ್ಟ್ರಿಗೂ ಗೊತ್ತಿಲ್ಲ. ಮಾತು ಕಲಿತ ಗಿಳಿಗೆ ಎಷ್ಟು ಅರ್ಥವಾಗುತ್ತದೋ ಈ ಹುಡುಗರಿಗೂ ಅಷ್ಟೇ ಎಂದು ಕ್ಯಾಂಪ್‌ಬೆಲ್ ದೂರಿದ. ಇದೊಂದು ವಿಷಯದಲ್ಲಿ ನನಗೆ ಅವನ ಮೇಲೆ ಅಷ್ಟು ಸಿಟ್ಟಿಲ್ಲ. ಗೈಡ್ ಉರು ಹೊಡೆದು ಎಸ್ಸೆಸ್ಸೆಲ್ಸಿ ಪಾಸಾದವರು ನಾವೇ ಎಷ್ಟು ಜನ ಇಲ್ಲ!

ಆದರೆ ಅದೇ ವರದಿಯ ಕೊನೆಯ ಭಾಗದಲ್ಲಿ ಆತ ತನ್ನ ಸರ್ಕಾರವನ್ನೇ ಹಿಡಿದು ಝಾಡಿಸುತ್ತಾನೆ. ಮೊದಲು ಶಾಲೆ ಇದ್ದ ಎಷ್ಟೋ ಊರುಗಳಲ್ಲಿ ಈಗ ಶಾಲೆ ಇಲ್ಲ. ದೊಡ್ಡ ಶಾಲೆಗಳಿದ್ದ ಕಡೆ ಈಗ ಉಳ್ಳವರ ಮನೆಯ ನಾಲ್ಕು ಮಕ್ಕಳು ಓದುತ್ತಿದ್ದಾರೆ. ಯಾಕೆಂದರೆ ಜನರ ಕೈಯಲ್ಲಿ ದುಡ್ಡಿಲ್ಲ. ಯೂರೋಪಿನ ಬಟ್ಟೆ ಬಂದು ಇಲ್ಲಿನ ನೇಕಾರರ ಹೊಟ್ಟೆ ಮೇಲೆ ಹೊಡೆದಿದೆ. ಊರಿನ ಹಣ ಊರಲ್ಲಿ ಉಳಿಯದೆ ಹೊರಗೆ ಹರಿದು ಹೋಗುತ್ತಿದೆ. ಈ 533 ಶಾಲೆಗಳಲ್ಲಿ ಒಂದಕ್ಕೂ ಸರ್ಕಾರದಿಂದ ಬಿಡಿಗಾಸು ಸಿಗುತ್ತಿಲ್ಲ, ಹೇಳಲು ನಾಚಿಕೆಯಾಗುತ್ತದೆ ಎಂದು ಬರೆದ. 1823ರಲ್ಲಿ ಕಂಪನಿ ಸರ್ಕಾರದ ನೌಕರ ಮೇಲಧಿಕಾರಿಗೆ ಬರೆದ ಕಾಗದ ಇದು. ಇವತ್ತು ಒಬ್ಬ ಡೀಸಿ ಹೀಗೆ ಬರೆದರೆ ಮರುದಿನವೇ ವರ್ಗ.

ಇನ್ನೊಂದು ಅಂಕಿ ಬಿಟ್ಟಿದ್ದೆ. ಆ 6,641 ಮಕ್ಕಳಲ್ಲಿ ಹುಡುಗಿಯರು ಅರವತ್ತು. ಇಡೀ ಜಿಲ್ಲೆಗೆ ಅರವತ್ತು. ಬ್ರಾಹ್ಮಣರ ಮನೆಯಿಂದ ಇಬ್ಬರು, ವೈಶ್ಯರಿಂದ ಒಬ್ಬಳು, ಉಳಿದವರೆಲ್ಲ ಶೂದ್ರರು ಮತ್ತು "ಇತರ ಜಾತಿ" ಎಂದು ಬರೆದ ಪಟ್ಟಿಯವರು. ಮುಸಲ್ಮಾನ ಹುಡುಗರು 243, ಹುಡುಗಿಯರು ಸೊನ್ನೆ. ಶಾಲೆ ಎಲ್ಲರದೂ ಆಗಿತ್ತು ಅನ್ನುವವರೂ ಈ ಪಟ್ಟಿಯನ್ನೇ ತೋರಿಸುತ್ತಾರೆ. ಹುಡುಗರಲ್ಲಿ ಶೂದ್ರರೇ ಜಾಸ್ತಿ ಇದ್ದರಲ್ಲ, 2,998 ಮಂದಿ, ಅಂತ. ಅದು ನಿಜ, ಮತ್ತು ಅದು ಸಣ್ಣ ವಿಷಯವಲ್ಲ. ಆದರೆ ಹೆಣ್ಣುಮಕ್ಕಳ ಕಾಲಂ ನೋಡಿದ ಮೇಲೆ ನನಗೆ ಆ ಹಳೇ ಜಗಲಿ ಶಾಲೆಗಳ ಬಗ್ಗೆ ಹಾಡಿ ಹೊಗಳುವ ಉಮೇದು ಉಳಿಯಲಿಲ್ಲ.

ಎಲ್ಲ ಜಿಲ್ಲೆಗಳ ಲೆಕ್ಕ ಕೂಡಿಸಿದಾಗ ಮದ್ರಾಸ್ ಪ್ರಾಂತದಲ್ಲಿ 12,498 ಶಾಲೆಗಳು. ಮನ್ರೋ 1826ರಲ್ಲಿ ಒಂದು ಯೋಜನೆ ಹಾಕಿದ. ಪ್ರತಿ ತಹಶೀಲಿಗೂ ಒಂದು ಸರ್ಕಾರಿ ಶಾಲೆ, ಮೇಷ್ಟ್ರಿಗೆ ತಿಂಗಳಿಗೆ 9 ರೂಪಾಯಿ. ಕಡಿಮೆ ಅನ್ನಿಸಬಹುದು, ಆದರೆ ಮಕ್ಕಳ ಮನೆಯಿಂದಲೂ ಅಷ್ಟೇ ಬರುತ್ತದೆ, ಎರಡೂ ಸೇರಿದರೆ ಸ್ಕಾಟ್ಲೆಂಡಿನ ಹಳ್ಳಿ ಮೇಷ್ಟ್ರಿಗಿಂತ ಚೆನ್ನಾಗಿಯೇ ಇರುತ್ತಾನೆ ಅಂತ ಸಮರ್ಥನೆ ಬೇರೆ. ಮನ್ರೋ ಸ್ವತಃ ಸ್ಕಾಟ್ಲೆಂಡಿನವನು, ಗೊತ್ತಿದ್ದೇ ಹೇಳಿರಬೇಕು. ಮರುವರ್ಷವೇ, 1827ರ ಜುಲೈನಲ್ಲಿ, ಪತ್ತಿಕೊಂಡದಲ್ಲಿ ಕಾಲರಾ ಬಂದು ತೀರಿಕೊಂಡ. ಯೋಜನೆ ಕುಂಟುತ್ತಾ ನಡೆಯಿತು. 1836ಕ್ಕೆ ಆ ಶಾಲೆಗಳನ್ನು ಮುಚ್ಚಿದರು. ಅಷ್ಟು ಹೊತ್ತಿಗೆ ಇಂಗ್ಲಿಷಿನ ಗಾಳಿ ಬೀಸಲು ಶುರುವಾಗಿತ್ತು.

ಆಮೇಲಿನ ಕತೆಯನ್ನು ಬೇಗ ಹೇಳಿಬಿಡುತ್ತೇನೆ, ಅದು ಎಲ್ಲ ಊರುಗಳದೂ ಒಂದೇ. 1854ರಲ್ಲಿ ಶಿಕ್ಷಣದ ಬಗ್ಗೆ ಲಂಡನ್ನಿನಿಂದ ಬಂದ ವುಡ್ ವರದಿ, ಅದರ ಬೆನ್ನಿಗೇ ಶಿಕ್ಷಣ ಇಲಾಖೆ, 1871ರಲ್ಲಿ ಶಾಲೆ, ರಸ್ತೆಗಳಿಗೆ ಅಂತ ಸ್ಥಳೀಯ ತೆರಿಗೆ ಎತ್ತುವ ಲೋಕಲ್ ಫಂಡ್, 1884ರಲ್ಲಿ ಜಿಲ್ಲಾ ಬೋರ್ಡು, ತಾಲ್ಲೂಕು ಬೋರ್ಡು. ನಮ್ಮ ಕಡೆ ಹಳಬರು ಈಗಲೂ "ಬೋರ್ಡ್ ಸ್ಕೂಲು" ಅನ್ನುವುದು ಅದಕ್ಕೇ. ಈ ನಡುವೆ 1876ರ ಬರ. ಧಾತು ಸಂವತ್ಸರದ ಬರ ಅಂತ ಹೆಸರು. ಬಳ್ಳಾರಿ ಜಿಲ್ಲೆಗೆ ಅದು ಕೊಟ್ಟ ಪೆಟ್ಟು ಎಂಥದ್ದೆಂದರೆ 1871ರ ಜನಗಣತಿಗಿಂತ 1881ರ ಜನಗಣತಿಯಲ್ಲಿ ಜನ ಕಡಿಮೆ ಇದ್ದರು. ಗಂಜಿಗೆ ಸಾಲು ನಿಂತ ಊರಿನಲ್ಲಿ ಶಾಲೆಗೆ ಯಾರು ಬರುತ್ತಾರೆ?

ಬೋರ್ಡಿನ ಶಾಲೆ ಅಂದರೆ ಸರ್ಕಾರದ ದುಡ್ಡಿನ ಶಾಲೆ. ಅಲ್ಲಿಗೆ ಎಲ್ಲರೂ ಬರಬಹುದಾ? ಕಾಗದದ ಮೇಲೆ ಬರಬಹುದಿತ್ತು. ಈ ಜಗಳ ಶುರುವಾಗಿದ್ದೇ ನಮ್ಮ ನಾಡಿನಲ್ಲಿ, ಧಾರವಾಡದಲ್ಲಿ. 1856ರ ಜೂನ್‌ನಲ್ಲಿ ಒಬ್ಬ ಮಹಾರ್ ಹುಡುಗನ ಪರವಾಗಿ ಅಲ್ಲಿನ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಅರ್ಜಿ ಹೋಯಿತು. ಸೇರಿಸಿಕೊಳ್ಳಲಿಲ್ಲ. ಮುಂಬೈ ಸರ್ಕಾರಕ್ಕೆ ಹೋಯಿತು. ಒಬ್ಬನಿಗಾಗಿ ಇಡೀ ಶಾಲೆ ಖಾಲಿಯಾದೀತು ಎಂಬ ಭಯದಲ್ಲಿ ಅವರೂ ಕೈ ಎತ್ತಿದರು. ಕಲ್ಕತ್ತದವರು ಕೇಳಿದರು, ಲಂಡನ್ನಿನವರು ಕೇಳಿದರು. ಕೊನೆಗೆ 1858ರಲ್ಲಿ, ಪೂರ್ತಿ ಸರ್ಕಾರದ ಖರ್ಚಿನಲ್ಲಿ ನಡೆಯುವ ಶಾಲೆಗಳು ಎಲ್ಲ ಪ್ರಜೆಗಳಿಗೂ ತೆರೆದಿವೆ ಅಂತ ಘೋಷಣೆ ಬಂತು. ಅರ್ಜಿ ಹಾಕಿದ್ದು ಒಬ್ಬ ಹುಡುಗ, ಘೋಷಣೆ ಬಂದಿದ್ದು ಎಲ್ಲರಿಗೆ. ಅಂಬೇಡ್ಕರ್ ತಮ್ಮ ಬರಹಗಳಲ್ಲಿ ಈ ಪ್ರಕರಣವನ್ನು ಎತ್ತಿ ಹೇಳಿದ್ದಾರೆ.

ಘೋಷಣೆ ಊರ ಬಾಗಿಲಿಗೆ ಬರಲು ಎಷ್ಟು ಕಾಲ ಹಿಡಿಯಿತು ಅಂತ ನಮ್ಮೂರಿನ ಒಬ್ಬ ಹಿರಿಯರನ್ನು ಕೇಳಿದ್ದೆ. ಅವರು ಸ್ವಾತಂತ್ರ್ಯ ಬರುವ ಹೊತ್ತಿಗೆ ಶಾಲೆಗೆ ಹೋದವರು. "ಸೇರಿಸ್ಕೊಂಡ್ರಪ್ಪ, ಇಲ್ಲ ಅನ್ನಲಿಲ್ಲ. ಆದ್ರ ಕೂಡಸ್ತಿದ್ದದ್ದು ಹೊರಗ, ಪಡಸಾಲಿಯಾಗ. ಕಿಟಕಿಯಾಗಿಂದ ಬೋರ್ಡ್ ಕಾಣ್ತಿತ್ತು. ಮಳಿ ಬಂದ್ರ ಮಾತ್ರ ಒಳಗ" ಅಂದರು. ಅಂದು ನಕ್ಕರು. "ಅದಕ್ಕ ನಾವು ಮಳಿ ಬರ್ಲಿ ಅಂತಿದ್ವಿ. ಬಳ್ಳಾರಿ ಸೀಮ್ಯಾಗ ಮಳಿ ಎಲ್ಲೈತೆಪ್ಪ?" ಆ ಕಿಟಕಿ ಈಗಲೂ ಇದೆ. ಸರಳುಗಳಿಗೆ ಬಣ್ಣ ಬಳಿದಿದ್ದಾರೆ. ಕಿಟಕಿಯ ಕೆಳಗೆ ಪಡಸಾಲೆಯ ಕಲ್ಲು ಹಾಸು ಒಂದು ಕಡೆ ನುಣ್ಣಗೆ ಸವೆದಿದೆ. ಶತಮಾನೋತ್ಸವದ ಸ್ಮರಣ ಸಂಚಿಕೆಗೆ ಅವರ ಮಾತನ್ನು ಬರೆಯಿರಿ ಅಂತ ಗುಂಪಿನಲ್ಲಿ ಹಾಕಿದರೆ ಇಬ್ಬರು ಹೆಬ್ಬೆರಳು ಒತ್ತಿದರು, ಒಬ್ಬರು "ಈಗ್ಯಾಕೆ ಅದೆಲ್ಲ" ಅಂದರು.

ಇನ್ನು ಜೂನ್ ಒಂದರ ವಿಷಯ. ಹಳೇ ದಾಖಲಾತಿ ರಿಜಿಸ್ಟರ್ ನೋಡಬೇಕು ಅಂತ ಹೋದಾಗ ಹೆಡ್ ಮೇಡಂ ಬೀರುವಿನ ಕೆಳಗಿನ ಖಾನೆಯಿಂದ ಕೆಂಪು ಬಟ್ಟೆಯ ಗಂಟು ತೆಗೆದರು. ದಪ್ಪ ಹಾಳೆ, ಅಂಚು ಪುಡಿ ಪುಡಿ. ಮೊದಲ ಪುಟಗಳು ಇಂಗ್ಲಿಷಿನಲ್ಲಿ, ನಿಬ್ಬಿನ ಪೆನ್ನಿನ ಬರಹ, ಒಂದೊಂದು ಅಕ್ಷರವೂ ಒರಗಿಕೊಂಡಂತೆ. ಆಮೇಲೆ ಕನ್ನಡ. ಕ್ರಮ ಸಂಖ್ಯೆ, ಹೆಸರು, ತಂದೆ ಹೆಸರು, ಜಾತಿ, ತಂದೆಯ ಕಸುಬು, ಹುಟ್ಟಿದ ತಾರೀಕು, ಸೇರಿದ ತರಗತಿ, ಬಿಟ್ಟ ತಾರೀಕು, ಬಿಟ್ಟ ಕಾರಣ. "ನೋಡ್ರಿ ಸರ್, ನಮ್ಮೂರಾಗ ಎಲ್ರೂ ಜೂನ್ ಒಂದಕ್ಕ ಹುಟ್ಟ್ಯಾರ" ಅಂತ ಮೇಡಂ ಬೆರಳಿಟ್ಟು ತೋರಿಸಿದರು. ಪುಟ ತಿರುಗಿಸಿದಷ್ಟೂ 1-6, 1-6, 1-6. ನಡುವೆ ಎಲ್ಲೋ ಒಂದು ಅಕ್ಟೋಬರ್, ಒಂದು ಜನವರಿ. ಅದು ಶಾನುಭೋಗರ ಮನೆಯದೋ, ಅಂಗಡಿ ಶೆಟ್ಟರ ಮನೆಯದೋ ಆಗಿರುತ್ತದೆ. ಜಾತಕ ಬರೆಸಿದ ಮನೆ.

ಉಳಿದವರಿಗೆ ಹುಟ್ಟಿದ ದಿನ ಕೊಟ್ಟವರು ಮೇಷ್ಟ್ರು. ನಿಮ್ಮ ಮನೆಯಲ್ಲೂ ಅಪ್ಪ, ಚಿಕ್ಕಪ್ಪ, ಅತ್ತೆ ಯಾರದಾದರೂ ಆಧಾರ್ ತೆಗೆದು ನೋಡಿ, ಜೂನ್ ಒಂದು ಸಿಗುತ್ತದೆ. ಅಪ್ಪ ಅವ್ವನಿಗೆ ಕೇಳಿದರೆ "ದೊಡ್ಡ ಮಳೆ ಬಂದ ವರ್ಷ", "ಜಾತ್ರೆ ಆದ ಮೂರನೇ ದಿನ" ಇಂಥ ಉತ್ತರ. ಮೇಷ್ಟ್ರು ಹುಡುಗನನ್ನು ಮುಂದೆ ನಿಲ್ಲಿಸಿ ಬಲಗೈಯನ್ನು ತಲೆ ಮೇಲಿಂದ ಹಾಕಿ ಎಡ ಕಿವಿ ಮುಟ್ಟಲು ಹೇಳುತ್ತಿದ್ದರು. ಕಿವಿ ಸಿಕ್ಕಿದರೆ ವಯಸ್ಸಾಗಿದೆ. ಸಿಗದಿದ್ದರೆ ಮುಂದಿನ ವರ್ಷ ಬಾ. ಶಾಲೆ ಶುರುವಾಗುವುದು ಜೂನ್‌ನಲ್ಲಿ, ವಯಸ್ಸು ಎಣಿಸುವುದೂ ಜೂನ್‌ಗೆ. ಹಾಗಾಗಿ ಜೂನ್ ಒಂದು ಬರೆದುಬಿಟ್ಟರೆ ಲೆಕ್ಕ ಸುಲಭ, ಇನ್ಸ್‌ಪೆಕ್ಟರ್ ಬಂದಾಗ ತಕರಾರೂ ಇಲ್ಲ. ಮೇಷ್ಟ್ರು ಬರೆದ ಆ ತಾರೀಕಿನ ಪ್ರಕಾರವೇ ಜನ ನೌಕರಿಗೆ ಸೇರಿದರು, ನಿವೃತ್ತರಾದರು, ಈಗ ಪಿಂಚಣಿ ತೆಗೆದುಕೊಳ್ಳುತ್ತಿದ್ದಾರೆ. ಮೇ 31ಕ್ಕೆ ನಮ್ಮ ಕಡೆಯ ಸರ್ಕಾರಿ ಕಚೇರಿಗಳಲ್ಲಿ ಇಷ್ಟೊಂದು ಬೀಳ್ಕೊಡುಗೆ ಸಮಾರಂಭ ಯಾಕೆ ಅಂತ ಈಗ ಗೊತ್ತಾಯಿತಲ್ಲ.

"ಬಿಟ್ಟ ಕಾರಣ" ಅನ್ನುವ ಕಾಲಂ ಮಾತ್ರ ನಗು ತರಿಸುವುದಿಲ್ಲ. ದನ ಕಾಯಲು. ಊರು ಬಿಟ್ಟಿದ್ದಾರೆ. ಗುಳೆ. ಬಡತನ. ಲಗ್ನ. ದೀರ್ಘ ಗೈರುಹಾಜರಿ. ಹುಡುಗಿಯರ ಹೆಸರಿನ ಮುಂದೆ ನಾಲ್ಕನೇ ಕ್ಲಾಸಿಗೆ ಬರುವ ಹೊತ್ತಿಗೆ ಒಂದೇ ಪದ, "ಮನೆಗೆಲಸ". ಒಂದು ಕಡೆ ಯಾರೋ ಮೇಷ್ಟ್ರು ಕಾರಣ ಬರೆಯದೆ ಬರೀ ಒಂದು ಗೆರೆ ಎಳೆದು ಬಿಟ್ಟಿದ್ದಾರೆ.

1940ರ ದಶಕದ ಕೊನೆಗೆ ಬಂದರೆ "ಹಿಂದಿನ ಶಾಲೆ" ಅನ್ನುವ ಕಾಲಂ ಇದ್ದಕ್ಕಿದ್ದಂತೆ ತುಂಬುತ್ತದೆ. ತುಂಗಭದ್ರಾ ಅಣೆಕಟ್ಟಿನ ಕೆಲಸ ಶುರುವಾದದ್ದು 1945ರಲ್ಲಿ. ಕಾಲುವೆಗೆ ನೀರು ಬಿಟ್ಟಿದ್ದು 1953ರಲ್ಲಿ. ಹಿನ್ನೀರಿನಲ್ಲಿ ಊರಿಗೆ ಊರೇ ಮುಳುಗಿದವು. ನಾರಾಯಣದೇವರಕೆರೆ ಅಂಥದೊಂದು ದೊಡ್ಡ ಊರು, ಅಲ್ಲಿನ ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಮುಳುಗಿದ ಊರುಗಳ ಶಾಲೆಯ ಟೀಸಿ ಹಿಡಿದು ಮಕ್ಕಳು ಸುತ್ತಲಿನ ಊರುಗಳಿಗೆ ಬಂದರು. ಆ ಶಾಲೆಗಳ ಗೋಡೆ ನೀರಿನ ತಳದಲ್ಲಿ, ಮಕ್ಕಳು ನಮ್ಮ ರಿಜಿಸ್ಟರಿನಲ್ಲಿ. ಅಣೆಕಟ್ಟಿನ ಕೂಲಿಗೆ ಬಂದವರ ಮಕ್ಕಳೂ ಇದ್ದಾರೆ. ತಂದೆಯ ಕಸುಬು "ಕಲ್ಲು ಒಡೆಯುವುದು". ಒಂದು ವರ್ಷ ಇದ್ದು ಹೋಗಿದ್ದಾರೆ.

ಅದೇ 1953ರ ಅಕ್ಟೋಬರ್ 1ಕ್ಕೆ ಬಳ್ಳಾರಿ ಮದ್ರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಬಳ್ಳಾರಿ ಪೇಟೆ ಯಾರಿಗೆ ಅನ್ನುವ ಜಗಳಕ್ಕೆ ಮಿಶ್ರಾ ಆಯೋಗ ಬಂದು ಹೋಯಿತು. ಹೊರಗೆ ಅಷ್ಟೆಲ್ಲ ಗದ್ದಲವಾಗುತ್ತಿದ್ದರೂ ರಿಜಿಸ್ಟರಿನಲ್ಲಿ ಅದರ ಸುಳಿವು ಇಷ್ಟೇ: ಮೊಹರು ಬದಲಾಗಿದೆ. ಅದೂ ಕೂಡಲೇ ಅಲ್ಲ. ಹೊಸ ಮೊಹರು ಬರುವ ತನಕ ಹಳೆಯದನ್ನೇ ಒತ್ತಿದ್ದಾರೆ. ಆಗ ಓದಿದವರು ಮಾತಿನಲ್ಲಿ ಸಿಕ್ಕಿಬೀಳುತ್ತಾರೆ. "ನಾನು ಥರ್ಡ್ ಫಾರಂ ತನಕ ಓದೀನಿ" ಅಂದರೆ ಮದ್ರಾಸಿನ ಕಾಲದವರು. "ಮುಲ್ಕಿ ಪರೀಕ್ಷೆ ಪಾಸು" ಅಂದರೆ ಧಾರವಾಡದ ಕಡೆಯಿಂದ ಬಂದ ಬೀಗರು. ಮೈಸೂರಿನವರು "ಎಲ್ಲೆಸ್" (ಲೋಯರ್ ಸೆಕೆಂಡರಿ) ಅನ್ನುತ್ತಿದ್ದರು. ಮೂರೂ ಹೆಚ್ಚುಕಡಿಮೆ ಏಳು-ಎಂಟನೇ ಕ್ಲಾಸಿನ ಮಟ್ಟದವೇ. ಒಂದೇ ಮದುವೆ ಪಂಕ್ತಿಯಲ್ಲಿ ಕೂತ ಮೂವರು, ಯಾರು ಜಾಸ್ತಿ ಓದಿದ್ದು ಅಂತ ಇತ್ಯರ್ಥವಾಗುತ್ತಲೇ ಇರಲಿಲ್ಲ!

1961ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು ಬಂತು. 1987ರಲ್ಲಿ ಪ್ರಾಥಮಿಕ ಶಾಲೆಗಳಿಗೆ ಕೋಣೆ, ಮೇಷ್ಟ್ರು, ಪಾಠದ ಸಾಮಾನು ಕೊಡುವ ಆಪರೇಷನ್ ಬ್ಲ್ಯಾಕ್‌ಬೋರ್ಡ್. ಇವುಗಳಿಗಿಂತ ರಿಜಿಸ್ಟರಿನಲ್ಲಿ ನನಗೆ ಎದ್ದು ಕಂಡಿದ್ದು 2002. ಅಕ್ಷರ ದಾಸೋಹ ಆ ವರ್ಷ ಮೊದಲು ಶುರುವಾಗಿದ್ದು ಬಳ್ಳಾರಿ, ರಾಯಚೂರು, ಕೊಪ್ಪಳದಂಥ ಉತ್ತರದ ಏಳು ಜಿಲ್ಲೆಗಳಲ್ಲಿ. ಮಧ್ಯಾಹ್ನಕ್ಕೆ ಬಿಸಿ ಅನ್ನ, ಸಾಂಬಾರು. ಆಮೇಲಿನ ಪುಟಗಳಲ್ಲಿ "ದೀರ್ಘ ಗೈರುಹಾಜರಿ" ಅನ್ನುವುದು ಕಣ್ಣಿಗೆ ಕಾಣುವಷ್ಟು ಕಡಿಮೆಯಾಗಿದೆ. ಎಷ್ಟೋ ಕಾನೂನು ಮಾಡದ ಕೆಲಸವನ್ನು ಒಂದು ತಟ್ಟೆ ಅನ್ನ ಮಾಡಿತು ಅಂತ ನಾನು ಅಂದರೆ ಮೇಡಂ ಒಪ್ಪಲಿಲ್ಲ. "ಅನ್ನದ ಜೊತಿ ಅಡುಗಿ ಅಮ್ಮಂದಿರೂ ಬಂದ್ರು ಸರ್. ಊರಿನ ಹೆಂಗಸ್ರು ಸಾಲಿ ಒಳಗ ಬಂದ್ರು. ಯಾವ ಹುಡುಗಿ ಬಂದಿಲ್ಲ ಅಂತ ಮೊದಲು ಅವ್ರಿಗೇ ಗೊತ್ತಾಗದು" ಅಂದರು. ಇದು ನನಗೆ ಹೊಳೆದೇ ಇರಲಿಲ್ಲ.

ಕಟ್ಟಡದ ಬಗ್ಗೆಯೂ ಒಂದೆರಡು ಮಾತು ಹೇಳದಿದ್ದರೆ ಇಂಜಿನಿಯರು ಬೇಜಾರು ಮಾಡಿಕೊಳ್ಳುತ್ತಾರೆ. ಕಲ್ಲಿನ ತಳಪಾಯ, ಮೇಲೆ ಇಟ್ಟಿಗೆ, ಗಾರೆ. ಮೇಲ್ಛಾವಣಿ ಮದ್ರಾಸ್ ತಾರಸಿ. ತೇಗದ ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಓರೆಯಾಗಿ, ಅಂಚು ಮೇಲೆ ಮಾಡಿ ನಿಲ್ಲಿಸಿ, ಅದರ ಮೇಲೆ ಸುಣ್ಣ, ಇಟ್ಟಿಗೆ ಚೂರು ಹಾಕಿ ದಿನಗಟ್ಟಲೆ ಬಡಿದು ಮಾಡಿದ್ದು. ಗಾರೆಯನ್ನು ಎತ್ತು ಕಟ್ಟಿ ಕಲ್ಲಿನ ಗಾಣದಲ್ಲಿ ಅರೆಯುತ್ತಿದ್ದರು. ಅದಕ್ಕೆ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕುವ ರೂಢಿ ದಕ್ಷಿಣದ ಕಡೆಯೆಲ್ಲ ಇತ್ತು. ಮೇ ತಿಂಗಳಲ್ಲೂ ಆ ಕೋಣೆ ತಣ್ಣಗಿರುತ್ತದೆ. ಪಕ್ಕದಲ್ಲಿ ಕಟ್ಟಿದ ಆರ್‌ಸಿಸಿ ಕೋಣೆಯಲ್ಲಿ ಫ್ಯಾನ್ ಇದ್ದರೂ ಮಕ್ಕಳು ಬೆವರುತ್ತಾರೆ.

ಹಾಳಾಗಿದ್ದು ಎಲ್ಲಿ ಅಂದರೆ ರಿಪೇರಿಯಲ್ಲಿ. ಹಳೇ ಗಾರೆ ಗೋಡೆ ಉಸಿರಾಡುತ್ತದೆ. ನೆಲದಿಂದ ಏರಿದ ತೇವ ಗೋಡೆಯ ಮೈಯಿಂದಲೇ ಆರಿ ಹೋಗುತ್ತದೆ. ಅದರ ಮೇಲೆ ಸಿಮೆಂಟ್ ಮೆತ್ತಿದರೆ ತೇವಕ್ಕೆ ಹೊರಗೆ ಬರಲು ದಾರಿ ಇಲ್ಲ. ಒಳಗೇ ಕೂತು ಇಟ್ಟಿಗೆ ತಿನ್ನುತ್ತದೆ, ಉಪ್ಪು ಬಿಡುತ್ತದೆ, ಒಂದು ದಿನ ಸಿಮೆಂಟಿನ ಹಲ್ಲೆ ಗೋಡೆಯನ್ನೂ ಕಿತ್ತುಕೊಂಡು ಬೀಳುತ್ತದೆ. ನಮ್ಮ ಶಾಲೆಯ ಮೂರು ಕೋಣೆಗಳಿಗೆ ಆಗಿದ್ದು ಇದೇ. ಎರಡು ಕೋಣೆಗಳಿಗೆ ಅದೃಷ್ಟವಶಾತ್ ಅನುದಾನ ಸಾಕಾಗಲಿಲ್ಲ. ಅವು ಗಟ್ಟಿಯಾಗಿವೆ.

ಆ ಎರಡು ಕೋಣೆ ಉಳಿಸಿಕೊಂಡು, ಸುಣ್ಣದಲ್ಲೇ ರಿಪೇರಿ ಮಾಡಿಸಿ, ಬಾಕಿಯದನ್ನು ಕೆಡವಿ ಮಕ್ಕಳಿಗೆ ಹೊಸದು ಕಟ್ಟಿಕೊಡಲಿ ಅನ್ನುವುದು ನನ್ನ ಅಭಿಪ್ರಾಯ. ಹಳೆಯದು ಅನ್ನುವ ಒಂದೇ ಕಾರಣಕ್ಕೆ ಬೀಳುವ ಮಾಡಿನ ಕೆಳಗೆ ಮಕ್ಕಳನ್ನು ಕೂರಿಸುವುದು ನನಗೆ ಒಪ್ಪಿಗೆಯಿಲ್ಲ. ಕಮಾನಿಗೆ ನಾನು ವಂತಿಗೆ ಕೊಡುವುದಿಲ್ಲ ಅಂತಲೂ ಗುಂಪಿನಲ್ಲಿ ಹೇಳಿದ್ದೇನೆ. ಅದೇ ದುಡ್ಡಿನಲ್ಲಿ ರಿಜಿಸ್ಟರುಗಳನ್ನು ಸ್ಕ್ಯಾನ್ ಮಾಡಿಸಿ, ಒಳ್ಳೆಯ ಬೈಂಡಿಂಗ್ ಮಾಡಿಸಿ, ಗೆದ್ದಲು ಹತ್ತದ ಪೆಟ್ಟಿಗೆ ಕೊಡಿಸಬಹುದು. ಕಮಾನಿನ ಮೇಲೆ ದಾನಿಗಳ ಹೆಸರು ಬರೆಸಬಹುದು, ರಿಜಿಸ್ಟರಿನ ಮೇಲೆ ಬರೆಸಲಾಗುವುದಿಲ್ಲ. ತೊಡಕು ಇರುವುದು ಅಲ್ಲೇ ಅಂತ ನನ್ನ ಗುಮಾನಿ.

ಮೇಡಂಗೆ ಈ ಸ್ಕ್ಯಾನಿನ ವಿಷಯದಲ್ಲಿ ನನಗಿಂತ ಜಾಸ್ತಿ ಆತುರವಿದೆ. ನನ್ನಂಥವರು ಚರಿತ್ರೆ ಅಂತ ನೋಡಲು ಬರುವುದು ಅಪರೂಪ. ವಾರಕ್ಕೆ ಒಬ್ಬರಾದರೂ ಬರುವುದು ಕೆಲಸದ ಮೇಲೆ. ಅವತ್ತು ನಾವು ಕೂತಿದ್ದಾಗಲೇ ಒಬ್ಬ ಹುಡುಗಿ ಬಂದಳು. ಅವಳಿಗೆ ನೌಕರಿಗೆ ಜಾತಿಯ ಸಿಂಧುತ್ವ ಪ್ರಮಾಣಪತ್ರ ಬೇಕಿತ್ತು. ಅದಕ್ಕೆ ತಾತನ ದಾಖಲಾತಿಯ ಉದ್ಧೃತ ಬೇಕು. ತಾತ ಯಾವ ವರ್ಷ ಸೇರಿದ್ದು ಗೊತ್ತಿಲ್ಲ, ಹೆಸರು ಗೊತ್ತು, ಮುತ್ತಾತನ ಹೆಸರು ಗೊತ್ತು. ಆ ಹೆಸರಿನವರು ನಮ್ಮ ಕಡೆ ಓಣಿಗೆ ಹತ್ತು ಜನ. ಹುಟ್ಟಿದ ತಾರೀಕು ಹಿಡಿದು ಹುಡುಕೋಣ ಅಂದರೆ ಎಲ್ಲರದೂ ಜೂನ್ ಒಂದು. ಮೇಡಂ ಒಂದು ಪುಟದಿಂದ, ನಾನು ಇನ್ನೊಂದು ಪುಟದಿಂದ ಶುರು ಮಾಡಿದೆವು. ಹುಡುಗಿ ಮೊಬೈಲಿನ ಟಾರ್ಚ್ ಹಿಡಿದಳು. ಮಧ್ಯಾಹ್ನದ ಊಟದ ಗಂಟೆ ಹೊಡೆದ ಮೇಲೆ ಸಿಕ್ಕಿತು. ತಂದೆಯ ಕಸುಬು ಜೀತ, ಎರಡನೇ ತರಗತಿ, ಬಿಟ್ಟ ಕಾರಣ ದನ ಕಾಯಲು. ಹುಡುಗಿ ಅದನ್ನು ಓದಿ, "ಅವ್ರು ಸಾಲಿಗೇ ಹೋಗಿಲ್ಲ ಅಂತ ಹೇಳ್ತಿದ್ರಲ್ಲ ಮೇಡಂ" ಅಂದಳು. ಮೇಡಂ ಉದ್ಧೃತ ಬರೆಯಲು ಫಾರಂ ತೆಗೆದು, ಜೆರಾಕ್ಸಿಗೆ ರಿಜಿಸ್ಟರ್ ಹೊರಗೆ ಕೊಡುವುದಿಲ್ಲ, ಬೇಕಿದ್ದರೆ ಫೋಟೋ ತಗೋ ಅಂದರು.